ಸುತ್ತು ಮುಗಿಯದ ಮುಂಜಾನೆ

ಹೊರಗಿನವರು ಯಾರಾದರೂ ನಮ್ಮ ಊರಲ್ಲಿ ರಾತ್ರಿ ತಂಗಿದರೆ, ಬೆಳಕು ಹರಿಯುತ್ತಲೇ ನನ್ನ ಖಾನಾವಳಿಯ ಮುಂದೆ ಬಂದು ನಿಂತು ಚಹಾ ಕೇಳುತ್ತಾರೆ. ಸುತ್ತು ಮುಗಿದಿಲ್ಲ, ಕೂಡ್ರಿ ಎನ್ನುತ್ತೇನೆ. ಎಂಥ ಸುತ್ತು ಎಂದು ಕೇಳಿದರೆ ಉತ್ತರ ಕೊಡುವ ತಾಳ್ಮೆ ಆ ಹೊತ್ತಿನಲ್ಲಿ ನನಗಿರುವುದಿಲ್ಲ. ಹಿಟ್ಟು ನಾದಬೇಕು, ಬದನೆಕಾಯಿ ಹೆಚ್ಚಬೇಕು, ಕಿವಿ ಮಾತ್ರ ನೀರಿನ ಟಾಕಿಯ ಮೇಲಿನ ಸ್ಪೀಕರಿನ ಕಡೆಗೇ ಇರಬೇಕು. ಊರಿನ ಒಬ್ಬೊಬ್ಬರ ಹೆಸರನ್ನೂ ಕರೆದು, ಅವರೆಲ್ಲರೂ "ಅದೀನಿ" ಎಂದ ಮೇಲೆಯೇ ನಮ್ಮಲ್ಲಿ ಒಲೆ ಹೊತ್ತುತ್ತದೆ. ಅಲ್ಲಿಯ ತನಕ ಕಡ್ಡಿ ಗೀರಿದರೆ ಬರೀ ಗಂಧಕದ ವಾಸನೆ. ಕಟ್ಟಿಗೆಯ ಒಲೆಗೂ ಅದೇ, ಗ್ಯಾಸಿಗೂ ಅದೇ. ಚಹಾದಂಗಡಿಯ ದಾವಲಸಾಬ ಬಹಳ ಜಾಣತನ ಮಾಡಿ ಪೇಟೆಯಿಂದ ಕರೆಂಟಿನ ಒಲೆ ತಂದಿದ್ದ. ಅದರ ತಣ್ಣನೆಯ ತಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಅವನು ಸುತ್ತು ಮುಗಿಯುವ ತನಕ ಕೂತಿದ್ದನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ. ಆದ್ದರಿಂದಲೇ ನಮ್ಮ ಮನೆಗಳಲ್ಲಿ ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಯಾವ ಕಾಲಕ್ಕೂ ಇದ್ದೇ ಇರುತ್ತವೆ.

ಸುಳ್ಳು ಹೇಳಿ ಒಲೆ ಹೊತ್ತಿಸಬಹುದಲ್ಲ ಎನ್ನುವ ಜಾಣರೂ ಇದ್ದಾರೆ. ಹೊತ್ತಿಸಬಹುದು. ಹಿಂದೊಮ್ಮೆ ಫಕೀರವ್ವನ ಗಂಡ ಯಾರಿಗೂ ಹೇಳದೆ ಊರಿನ ಗಡಿಕಲ್ಲು ದಾಟಿ ಕೋಳಿ ಜೂಜಿಗೆ ಹೋಗಿದ್ದ. ಅವನ ಹೆಸರು ಬಂದಾಗ ಆಕೆ ಕದದ ಹಿಂದೆ ನಿಂತು, ದನಿ ದಪ್ಪ ಮಾಡಿ, "ಅದೀನಿ" ಅಂದುಬಿಟ್ಟಳು. ಊರ ತುಂಬ ಒಲೆಗಳು ಹೊತ್ತಿಕೊಂಡವು. ಉರಿ ನೋಡಿದರೆ ಉರಿಯೇ, ಬಣ್ಣವೂ ಸರಿ, ಸಪ್ಪಳವೂ ಸರಿ. ಆದರೆ ಮಧ್ಯಾಹ್ನವಾದರೂ ಎಸರು ಬಾವಿಯ ನೀರಿನಷ್ಟೇ ತಣ್ಣಗಿತ್ತು. ಮಕ್ಕಳು ಆ ಉರಿಯೊಳಗೆ ಕೈಯಾಡಿಸಿ ಆಟವಾಡಿದರು. ಸುಳ್ಳು ಬೆಂಕಿ ಎಂದು ಅದಕ್ಕೆ ಹೆಸರು. ಇಲ್ಲದವರನ್ನು ಇದ್ದಾರೆ ಎಂದರೂ ಅದು ಬರುತ್ತದೆ, ಇದ್ದವರನ್ನು ಇಲ್ಲ ಎಂದರೂ ಬರುತ್ತದೆ. ಸಂಜೆ ಸೋತು ಮನೆಗೆ ಬಂದ ಆ ಗಂಡನಿಗೆ ಊರವರು ಮಾಡಿದ ಮಂಗಳಾರತಿಯಲ್ಲಿ ಮಾತ್ರ ಬಿಸಿ ಕಡಿಮೆ ಇರಲಿಲ್ಲ. ಆಮೇಲೆ ಯಾರೂ ಆ ಸಾಹಸಕ್ಕೆ ಹೋಗಲಿಲ್ಲ.

ಗಡಿಕಲ್ಲು ದಾಟುವವರು ಹಿಂದಿನ ದಿನವೇ ಹೇಳಿ ಸುತ್ತಿನಿಂದ ಹೆಸರು ತೆಗೆಸಬೇಕು, ಮರಳಿ ಬಂದಾಗ ಸೇರಿಸಬೇಕು. ಸೇರಿಸುವುದು ಬಾಲಕ್ಕೆ, ನಡುವೆ ತೂರಿಸುವ ಪದ್ಧತಿ ಇಲ್ಲ. ನನ್ನ ಗಂಡ ಶೇಖಪ್ಪ ಲಾರಿ ಓಡಿಸುವವನು. ತೆಗೆಸಿ ಸೇರಿಸಿ, ತೆಗೆಸಿ ಸೇರಿಸಿ, ತೊಟ್ಟಿಲ ಕೂಸುಗಳ ಹಿಂದೆ ತನ್ನ ಹೆಸರು ಬರುವುದು ಅವನಿಗೆ ರೂಢಿಯಾಗಿಬಿಟ್ಟಿದೆ. ಅವನ ಅಪ್ಪ, ನನ್ನ ಮಾವ ಅಡಿವೆಪ್ಪನವರು, ಹುಟ್ಟಿದಂದಿನಿಂದ ಗಡಿಕಲ್ಲು ದಾಟಿದವರಲ್ಲ. ಸ್ವಂತ ತಂಗಿಯನ್ನು ಹೊಳೆಯಾಚೆಯ ಊರಿಗೆ ಕೊಟ್ಟಾಗ ಮದುವೆಗೂ ಹೋಗದೆ, ಈಚೆ ದಂಡೆಯಲ್ಲಿ ನಿಂತು ಅಕ್ಕಿಕಾಳು ಎರಚಿದ ಮಹಾರಾಯರು. ಅವರಿಗಿಂತ ಮುಂದೆ ಇದ್ದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡು, ಸುತ್ತು ಅವರ ಹೆಸರಿನಿಂದಲೇ ಶುರುವಾಗುತ್ತಿತ್ತು. ಅದರ ಬಿಗುಮಾನ ಎಷ್ಟಿತ್ತೆಂದರೆ, ತಣ್ಣೀರಲ್ಲಿ ಮೈ ತೊಳೆದು, ರುಮಾಲು ಸುತ್ತಿಕೊಂಡು, ಬೆಂಕಿಯಿಲ್ಲದ ನನ್ನ ಒಲೆಯ ಮುಂದೆ ಮದುಮಗನ ಹಾಗೆ ಕೂತು ತಮ್ಮ ಹೆಸರಿಗೆ ಕಾಯುತ್ತಿದ್ದರು.

ಮೊದಲೆಲ್ಲ ರುದ್ರವ್ವ ಎಂಬಾಕೆ ಓಣಿ ಓಣಿ ತಿರುಗಿ ಹೆಸರು ಕರೆಯುತ್ತಿದ್ದಳು. ಆಕೆ ತೀರಿದ ಮೇಲೆ ಅಷ್ಟು ಹೆಸರುಗಳನ್ನು ಸಾಲು ತಪ್ಪದೆ ತಲೆಯಲ್ಲಿ ಹೊರುವವರು ಯಾರೂ ಸಿಗದೆ, ಊರು ಒಂದಷ್ಟು ದಿನ ಹಸಿ ಸೌತೆಕಾಯಿ ತಿಂದು ಬದುಕಿತು. ಆಗ ಮುಂದೆ ಬಂದವಳು ನನ್ನ ನಾದಿನಿ ವಿಶಾಲಾಕ್ಷಿ. ಪೇಟೆಯ ಅಂಗಡಿಗಳಿಗೆ ವೆಬ್ ಪುಟ ಮಾಡಿಕೊಡುವುದು ಅವಳ ಕೆಲಸ. ಖಾನಾವಳಿಯ ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಾಳೆ. ಅವಳು ಸುತ್ತಿಗೇ ಒಂದು ಪುಟ ಮಾಡಿದಳು. ಟಾಕಿಯ ಮೇಲಿನ ಸ್ಪೀಕರ್ ಹೆಸರು ಕರೆಯುತ್ತದೆ, ಕರೆಸಿಕೊಂಡವರ ಫೋನಿನಲ್ಲಿ "ಅದೀನಿ" ಎಂಬ ಹಸಿರು ಗುಂಡಿ ಮೂಡುತ್ತದೆ, ಒತ್ತಿದರೆ ಮುಂದಿನ ಹೆಸರು. ಅಷ್ಟೂ ಹೆಸರುಗಳನ್ನು ತನ್ನ ದನಿಯಲ್ಲೇ ಹೇಳಿ ತುಂಬಿಸಿದ್ದಳು. ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳುವಾಗ ನಾಚಿಕೆಯಾಗಿ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದ್ದಳು.

ಅದರ ಹೊಟ್ಟೆಯೊಳಗೆ ಏನಿದೆ ಎಂದು ನಾನೊಮ್ಮೆ ಕೇಳಿದ್ದೆ.

"ಇದಕ್ಕ ಸೆಟ್ ಅಂತಾರ ವೈನಿ," ಅಂದಳು. "ಇದರೊಳಗ ಒಂದು ಹೆಸರು ಒಂದ ಸಲ ಇರತೈತಿ. ಇದ್ದದ್ದನ್ನ ಮತ್ತ ಹಾಕಿದ್ರ ಬಯ್ಯೂದಿಲ್ಲ, ತಗೊಳ್ಳೂದೂ ಇಲ್ಲ, ಸುಮ್ಮನಿರತೈತಿ. ನಮ್ಮೂರಾಗ ಹೆಂಗೂ ಒಂದ ಹೆಸರು ಒಬ್ಬರಿಗೇ ಅಲಾ? ಹಾಕಿದ ಸಾಲಿನ್ಯಾಗ ಒಂದೊಂದ ಕರಕೋಂತ ಹೋಗತೈತಿ."

"ಕರದಾಗ ಯಾರರ ಒತ್ತಲಿಲ್ಲಂದ್ರ?"

"ಅವರ ಹೆಸರು ತಗದು ಮತ್ತ ಹಾಕತೀನಿ. ಹಾಕಿದ್ದು ಬಾಲಕ್ಕ ಹೋಗಿ ಕುಂದರತೈತಿ. ಸುತ್ತು ಅಲ್ಲಿಗೆ ಬಂದಾಗ ಇನ್ನೊಮ್ಮೆ ಕರೀತೈತಿ. ಒತ್ತೂ ತನಾ ಹಿಂಗ."

"ಒತ್ತದ ಇದ್ರ?"

"ಒತ್ತದ ಯಾರಿರ್ತಾರ? ಅವರಿಗೇನು ಚಾ ಬ್ಯಾಡಾ?" ಎಂದು ನಕ್ಕಿದ್ದಳು. ನಾನೂ ನಕ್ಕಿದ್ದೆ.

ಮೊದಮೊದಲು ಒಂದು ಹೆಸರು ಕರೆದ ಮೇಲೆ ಸ್ಪೀಕರ್ ಸಾಕಷ್ಟು ಹೊತ್ತು ಕಾಯುತ್ತಿತ್ತು. ದಾವಲಸಾಬನಿಗೆ ಅದು ಸರಿಬರಲಿಲ್ಲ. ಗುಂಡಿ ಒತ್ತಲು ಇಷ್ಟು ಹೊತ್ತು ಬೇಕೇ, ಗಿರಾಕಿಗಳು ಕೂತು ಕೂತು ಎದ್ದು ಹೋಗುತ್ತಾರೆ ಎಂದು ಊರ ಹಿರಿಯ ಚನಬಸಪ್ಪನವರ ಕಿವಿ ಕಚ್ಚಿದ. ಅವರು ಹೇಳಿದರು, ವಿಶಾಲಿ ಕಡಿಮೆ ಮಾಡಿದಳು. ಆಮೇಲೆ ಹೆಸರುಗಳು ಒಂದರ ಬೆನ್ನಿಗೊಂದು ಬರತೊಡಗಿದವು. ಚಹಾ ಬೇಗ ಸಿಕ್ಕಿತು, ಎಲ್ಲರೂ ಅವಳನ್ನು ಹೊಗಳಿದರು.

ಹೊಗಳದವರು ಮಾವನವರೊಬ್ಬರೇ. ಅವರು ಫೋನ್ ಮುಟ್ಟುತ್ತಿರಲಿಲ್ಲ. ಹೆಸರು ಬಂದಾಗ ಒಲೆಯ ಮುಂದೆ ಕೂತಲ್ಲಿಂದಲೇ ಗಟ್ಟಿಯಾಗಿ "ಅದೀನಿ" ಎನ್ನುತ್ತಿದ್ದರು. ಅವರ ಪರವಾಗಿ ಗುಂಡಿ ಒತ್ತುತ್ತಿದ್ದವಳು ನಾನು. ಸುತ್ತು ಮುಗಿಯದೆ ನಿಂತ ಆ ಮುಂಜಾನೆಯ ಹಿಂದಿನ ಸಂಜೆ ಊಟಕ್ಕೆ ಕೂತಾಗ ವಿಶಾಲಿ, "ಅಪ್ಪಾ, ನೀನ ಒತ್ತೂದು ಕಲಿ. ನಾಳೆ ವೈನಿಗೆ ಜ್ವರ ಬಂದು ಮಲಗಿದ್ರ ನೀ ಬಾಲಕ್ಕ ಹೋಗತಿ," ಅಂದಳು.

"ಹೋದ್ರ ಮತ್ತ ಮುಂದ ತಂದು ಹಾಕು."

"ಅದರಾಗ ಹಂಗ ಬರೂದಿಲ್ಲಪಾ. ಮೊದಲನೇದು, ಎರಡನೇದು ಅಂತ ಕುರ್ಚಿ ಇರೂದಿಲ್ಲ ಅದಕ್ಕ. ಯಾರು ಹಿಂದ ಬಂದ್ರೋ ಅವರು ಹಿಂದ."

ಮಾವ ತುತ್ತನ್ನು ತಾಟಿನಲ್ಲಿ ಇಳಿಸಿದರು. "ಬಚ್ಚಲದಾಗ ಇದ್ದಾಗ ಕರದ್ರೂ ಬಾಲಕ್ಕ ಹೋಗಬೇಕು. ನಿನ್ನೆ ಹೆಸರಿಟ್ಟ ಗೌರವ್ವನ ಕೂಸಿನ ಹಿಂದ ನಿಲ್ಲಬೇಕು. ಕರದವರು ಇವನು ಅಂದನೋ ಇಲ್ಲೋ ಅಂತ ಒಂದ ಘಳಿಗಿ ನಿಂತು ಕೇಳೂದಿಲ್ಲ. ಅದೇನು ಕರಿಯೂದವಾ? ತಗದು ಹಾಕು ನನ್ನ ಹೆಸರು. ಗಡಿಕಲ್ಲು ದಾಟಿ ಎಲ್ಲಿಗರ ಹೋಗತೀನಿ."

"ಹೋಗು ಮತ್ತ," ಅಂದಳು ವಿಶಾಲಿ. ಸಿಟ್ಟಿನಲ್ಲಿ ಅಂದದ್ದು, ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ ಮಾತು ಬಾಯಿಂದ ಬಿತ್ತು, ಮಾವ ಕೈ ತೊಳೆದು ಎದ್ದರು.

ಮರುದಿನ ನಾನು ಎದ್ದಾಗ ಅವರ ಹಾಸಿಗೆ ಖಾಲಿಯಿತ್ತು. ಗೂಟದ ಮೇಲಿನ ರುಮಾಲೂ ಇರಲಿಲ್ಲ, ಬಡಿಗೆಯೂ ಇರಲಿಲ್ಲ. ಕೆರೆಯ ಕಡೆ ಅಡ್ಡಾಡಿ ಬರಲು ಹೋಗಿದ್ದಾರೆ, ಹೆಸರಿನ ಹೊತ್ತಿಗೆ ಬಂದು ಕೂತಿರುತ್ತಾರೆ ಎಂದುಕೊಂಡು ಹಿಟ್ಟಿಗೆ ಕೈಹಾಕಿದೆ. ಸ್ಪೀಕರ್ ಗರಗರ ಅಂತು. "ಅಡಿವೆಪ್ಪ." ಹಿಟ್ಟಿನ ಕೈಯಲ್ಲೇ ಎತ್ತಿಕೊಂಡ ಫೋನಿನಲ್ಲಿ ಹಸಿರು ಗುಂಡಿ ಮೂಡಿತು. ಒಲೆಯ ಮುಂದಿನ ಮಣೆ ಖಾಲಿ. ಬಾಗಿಲಿಗೆ ಓಡಿ ಓಣಿಯ ಎರಡೂ ತುದಿ ನೋಡಿದೆ. ಅಷ್ಟರಲ್ಲಿ ಗುಂಡಿ ಮಾಯವಾಗಿ ಎರಡನೆಯ ಹೆಸರು ಬಂತು. ಹೆಬ್ಬೆರಳು ಅಲ್ಲಿಯೇ ತಡೆದಿತ್ತು. ಒತ್ತಿಬಿಡಬೇಕಿತ್ತೇ ಎಂದು ಒಂದು ಕ್ಷಣ ಅನಿಸಿತು, ಫಕೀರವ್ವನ ನೆನಪಾಗಿ ಬಿಟ್ಟೆ.

ಸುತ್ತು ಊರ ತುಂಬ ಓಡಿತು. ಬಾಲ ಹತ್ತಿರ ಬಂದ ಹಾಗೆ ನಾನು ಮತ್ತೆ ಮತ್ತೆ ಬಾಗಿಲಿಗೆ ಹೋಗಿ ಬಂದೆ. ಶೇಖಪ್ಪ ಲಾರಿಯ ಮೇಲೆ ಊರಾಚೆ ಹೋಗಿದ್ದ, ಅವನ ಹೆಸರು ಸುತ್ತಿನಲ್ಲಿರಲಿಲ್ಲ. ಕೊನೆಯ ಹೆಸರು ತಂಗೆವ್ವ, ಪಕ್ಕದ ಮನೆಯ ಗೌರವ್ವನ ಕೂಸು. ಗೌರವ್ವ ಒತ್ತಿದಳು. ಆಮೇಲೆ, "ಅಡಿವೆಪ್ಪ." ಯಾರೂ ಇಲ್ಲ. "ಅಡಿವೆಪ್ಪ." ಈಗ ಅವರ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ. ತೆಗೆದು ಬಾಲಕ್ಕೆ ಹಾಕುವುದು, ಬಾಲದಲ್ಲಿ ಇರುವುದು ಅವರೊಬ್ಬರೇ, ಮತ್ತೆ ಕರೆಯುವುದು. ಒಂದು ಕರೆಯ ಸದ್ದು ಗುಡ್ಡಕ್ಕೆ ಬಡಿದು ತಿರುಗಿ ಬರುವುದರೊಳಗೆ ಇನ್ನೊಂದು ಕರೆ. ವಿಶಾಲಿಯ ದನಿ, ಎಲ್ಲ ಸಲವೂ ಒಂದೇ ಸಮನೆ, ನಾಚಿಕೆಯಿಂದ ಸ್ವಲ್ಪ ತಗ್ಗಿದ ಅದೇ ದನಿ.

ಅವಳು ಹಿಂದಿನ ಕೋಣೆಯಿಂದ ಬರಿಗಾಲಲ್ಲಿ ಹೊರಗೆ ಬಂದಳು. "ವೈನಿ, ಅಪ್ಪ ಎಲ್ಲಿ?"

"ನಾನೂ ನೋಡಿಲ್ಲ."

"ಖರೇನ ಹೋದನೇನು?"

ನಾನು ಖಾಲಿ ಗೂಟದ ಕಡೆ ಕೈ ತೋರಿಸಿದೆ.

ಜನ ಹುಡುಕಲು ಹೊರಟರು. ನಮ್ಮ ಊರಿನವರ ಬಗ್ಗೆ ನಾನು ಬೇಕಾದ್ದು ಅನ್ನುತ್ತೇನೆ, ಆದರೆ ಅವತ್ತು ಬಿಸಿ ಚಹಾ ಇಲ್ಲದೆಯೂ ಒಬ್ಬರೂ ಹಿಂದೆ ಮುಂದೆ ನೋಡಲಿಲ್ಲ. ಒಂದು ಗುಂಪು ಕೆರೆಗೆ ಹೋಯಿತು, ಒಂದು ಹೊಳೆಯ ದಂಡೆಗೆ, ಒಂದು ಗಡಿಕಲ್ಲುಗಳ ಗುಂಟ. ಎಲ್ಲಿದ್ದರೂ ಕೇಳಲಿ ಎಂದು ಚನಬಸಪ್ಪನವರು ಸ್ಪೀಕರಿನ ದನಿ ಏರಿಸಲು ಹೇಳಿದರು. ವಿಶಾಲಿ ಏರಿಸಿದಳು. ನನ್ನ ಖಾನಾವಳಿಯ ತಗಡಿನ ಮಾಡು ಆ ಸದ್ದಿಗೆ ನಡುಗತೊಡಗಿತು. ಟಾಕಿಯ ದಿಬ್ಬದ ಕಡೆ ಹೋದ ದಾವಲಸಾಬ ಕಿವಿ ಮುಚ್ಚಿಕೊಂಡು ಓಡಿಬಂದ. "ಅಲ್ಲಿ ನಿಲ್ಲಾಕ ಆಗೂದಿಲ್ರೀ ಯಕ್ಕಾ, ತಲಿ ಸೀಳತೈತಿ. ನಾ ಒದರಿದ್ದು ನನಗ ಕೇಳಿಸಲಿಲ್ಲ," ಅಂದ. ಅಂಥ ಸದ್ದಿನ ಹತ್ತಿರ ಯಾವ ಮುದುಕ ಕೂತಾನು ಎಂದು ಮತ್ತೆ ಯಾರೂ ಅತ್ತ ಹೋಗಲಿಲ್ಲ.

ಬಿಸಿಲು ಏರಿತು. ಹೋದವರು ಬರಿಗೈಯಲ್ಲಿ ಬರತೊಡಗಿದರು. ಕೆರೆಯಲ್ಲಿಲ್ಲ. ಹೊಳೆಯಲ್ಲಿಲ್ಲ ಎಂದವನು ನನ್ನ ಮುಖ ನೋಡಲಿಲ್ಲ. ಹೊಳೆ ನೋಡಿದೆವು ಎಂದರೆ ಏನು ನೋಡಿದರು ಎಂದು ನನಗೂ ಗೊತ್ತು. ಗಡಿಕಲ್ಲಿನ ಹತ್ತಿರ ಹೆಜ್ಜೆಗಳಿವೆ, ಯಾರವೆಂದು ಹೇಳಲಾಗದು ಎಂದರು ಕೆಲವರು. ಮಕ್ಕಳು ಕಟಕ ರೊಟ್ಟಿ ತಿಂದು ಬೇಸತ್ತು ಅಳುತ್ತಿದ್ದವು. ಮೇಲಿಂದ ಆ ಕರೆ, ಬಿಡುವಿಲ್ಲದ ಕರೆ. ಕೇಳಿ ಕೇಳಿ ಅದು ನನ್ನ ಮಾವನ ಹೆಸರು ಎಂಬುದೇ ಮರೆತು ಯಾವುದೋ ಗಿರಣಿಯ ಸದ್ದಿನ ಹಾಗೆ ಕೇಳತೊಡಗಿದಾಗ ನನಗೆ ಹೆದರಿಕೆಯಾಯಿತು.

ಖಾನಾವಳಿಯ ತುಂಬ ಜನ ಸೇರಿದರು. ಚನಬಸಪ್ಪನವರು ಬೆಂಚಿನ ಮೇಲೆ ಕೂತು ಕೋಲನ್ನು ಕಾಲ ನಡುವೆ ಊರಿಕೊಂಡರು. ಅವರು ಕೆಟ್ಟವರಲ್ಲ. "ತಂಗಿ, ಇದನ್ನ ನಿಲ್ಲಿಸಿ ಮತ್ತ ಮೊದಲಿಂದ ಶುರು ಮಾಡಿದ್ರ?" ಎಂದು ಕೇಳಿದರು.

"ಮಾಡಬಹುದ್ರೀ. ಎಲ್ಲಾರೂ ಮತ್ತ ಒತ್ತತಾರ. ಅಪ್ಪ ಒತ್ತೂದಿಲ್ಲ. ಮತ್ತ ಇಲ್ಲಿಗೇ ಬಂದು ನಿಲ್ಲತೈತಿ," ಅಂದಳು ವಿಶಾಲಿ.

"ಹಂಗಾದ್ರ ಹೆಸರು ತಗೀಬೇಕಾಗತೈತಿ. ತಗದು ಮತ್ತ ಹಾಕಬ್ಯಾಡ. ತಗದು ಬಿಡು."

"ಇಲ್ರೀ."

"ನಿನ್ನೆ ತಾನ ಹೇಳಿದ್ದನಂತಲ್ಲ, ತಗಿ ಅಂತ?"

ಅವಳು ನನ್ನ ಕಡೆ ನೋಡಿದಳು. ಆ ಜಗಳ ಓಣಿಗೆಲ್ಲ ಕೇಳಿಸಿರಬೇಕು, ನಮ್ಮ ಗೋಡೆಗಳೇ ಹಾಗೆ. ಯಾರೋ ಹಿಂದಿನಿಂದ, ಅಷ್ಟು ಮಂದಿ ಹಸಿದು ಕೂತಿದ್ದಾರೆ, ಒಬ್ಬ ಮುದುಕನ ಹಟಕ್ಕೆ ಊರು ಉಪವಾಸ ಬೀಳಬೇಕೇ ಎಂದರು. ನಾನು ಸೌಟು ಹಿಡಿದು ತಿರುಗಿದೆ. ಅಂದವರು ಯಾರೆಂದು ಗೊತ್ತಾಗಿದ್ದರೆ ಅವತ್ತು ಅವರ ಗತಿ ನೆಟ್ಟಗಿರುತ್ತಿರಲಿಲ್ಲ.

ವಿಶಾಲಿ ನನ್ನ ತೋಳು ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು. ಲ್ಯಾಪ್‌ಟಾಪಿನ ಪರದೆಯಲ್ಲಿ ಎಲ್ಲರ ಹೆಸರೂ ಹಸಿರಾಗಿ ನಿಂತಿದ್ದವು. ತೀರ ಕೆಳಗೆ, ತಂಗೆವ್ವನ ಕೆಳಗೆ, ಒಂದು ಹೆಸರು ಮಾತ್ರ ಅಳಿಯುತ್ತ ಮೂಡುತ್ತ ಇತ್ತು.

"ತಗದ್ರ ಗೊತ್ತಾಗತೈತಿ ವೈನಿ," ಅಂದಳು ಮೆಲ್ಲಗೆ. "ತಗದ ಮ್ಯಾಲೆ ಬಂದ ಬೆಂಕಿ ಖರೇ ಬೆಂಕಿ ಆದ್ರ, ಅಪ್ಪ ಇಲ್ಲಂತನ ಅರ್ಥ. ಗಡಿ ದಾಟಿ ಹೋಗ್ಯಾನ, ಇಲ್ಲಾ... ಇಲ್ಲಾ ಹೋಗೇ ಬಿಟ್ಟಾನ. ನನಗ ಗೊತ್ತಾಗೂದ ಬ್ಯಾಡ. ಕರಿಯೂ ತನಾ ಆದರೂ ಇದರಾಗ ಅದಾನ."

ನಾನು ಅವಳನ್ನು ತಬ್ಬಿಕೊಂಡೆ. ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು. ನನಗೂ ಗೊತ್ತಾಗುವುದು ಬೇಡವಾಗಿತ್ತು. ನನ್ನ ತವರಿನಲ್ಲಿ ನನಗೆ ಅಪ್ಪನಿರಲಿಲ್ಲ. ಮದುವೆಯಾಗಿ ಬಂದ ಮೊದಲ ದಿನ ರೊಟ್ಟಿ ಬಡಿಯಲು ಬಾರದೆ ಅಳುತ್ತಿದ್ದವಳ ಪಕ್ಕ ಕೂತು, ಹಿಟ್ಟು ಹೀಗೆ ತಿರುಗಿಸಬೇಕು ನೋಡವಾ ಎಂದು ತೋರಿಸಿಕೊಟ್ಟವರು ಈ ಮುದುಕ. ಅವರ ಬಿಗುಮಾನ, ಅವರ ರುಮಾಲು, ಎಲ್ಲವನ್ನೂ ಆಡಿಕೊಂಡು ನಗುತ್ತಿದ್ದೆ. ಅಷ್ಟು ಪ್ರೀತಿಯಿದೆ ಎಂದು ನನಗೇ ತಿಳಿದಿರಲಿಲ್ಲ.

ಆಗ ಗೌರವ್ವ ಬಾಗಿಲಲ್ಲಿ ಬಂದು ನಿಂತಳು. ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಸೆರಗಿನೊಳಗೆ ಸುತ್ತಿ ಹಿಡಿದಿದ್ದಳು. ಅವಳು ಜಗಳ ತೆಗೆಯಲಿಲ್ಲ, ಅಳಲೂ ಇಲ್ಲ. "ವಿಶಾಲಿ, ಕೂಸು ತಣ್ಣಗಾಗಾಕತ್ತೈತಿ. ಮುಂಜಾನಿಂದ ಕಾಸಿಲ್ಲ. ಮೊಲಿ ಹಿಡಿಯೂದೂ ಬಿಟ್ಟೈತಿ," ಎಂದಳು. ನಾನು ಕೂಸಿನ ಪಾದ ಮುಟ್ಟಿ ನೋಡಿದೆ. ಅವಧಿಗೆ ಮೊದಲೇ ಹುಟ್ಟಿದ ಹಿಡಿಯಷ್ಟು ಜೀವ. ದಿನವೂ ಕೆಂಡದ ಬಿಸಿಯಲ್ಲಿ ಬಟ್ಟೆ ಕಾಯಿಸಿ ಸುತ್ತಿಯೇ ಅದನ್ನು ಉಳಿಸಿಕೊಂಡಿದ್ದರು.

ವಿಶಾಲಿ ನನ್ನನ್ನೇ ನೋಡುತ್ತಿದ್ದಳು. ಅವಳಿಂದ ಆ ಮಾತು ಬರಲಾರದು ಎಂದು ನನಗೆ ಗೊತ್ತಿತ್ತು.

"ತಗಿ," ಅಂದೆ.

ಅವಳು ಗುಂಡಿ ಒತ್ತಿದಳು. ಪರದೆಯ ಕೆಳಗಿನ ಹೆಸರು ಅಳಿಯಿತು, ಮತ್ತೆ ಮೂಡಲಿಲ್ಲ. ಸ್ಪೀಕರ್ ಒಂದು ಹೆಸರಿನ ಬಾಲವನ್ನು ಗುಡ್ಡಕ್ಕೆ ಎಸೆದು ಸುಮ್ಮನಾಯಿತು. ಅದೇ ಹೊತ್ತಿಗೆ ಹೊರಗೆ ನನ್ನ ಒಲೆ, ಕಡ್ಡಿ ಗೀರುತ್ತಲೇ ಇದ್ದ ದಾವಲಸಾಬನ ಕೈಯಲ್ಲಿ, ಭಗ್ಗನೆ ಹೊತ್ತಿಕೊಂಡಿತು.

ನಾನು ಹೊರಗೆ ಬಂದೆ. ಜನ ದಾರಿ ಬಿಟ್ಟರು. ಉರಿ ಚೆನ್ನಾಗಿ ಉರಿಯುತ್ತಿತ್ತು, ಹಳದಿಯಾಗಿ, ಚಿಟಿಚಿಟಿ ಎಂದು ಸದ್ದು ಮಾಡುತ್ತ. ಇಷ್ಟು ವರ್ಷ ಆ ಒಲೆಯ ಮುಂದೆ ಕೂತು ಬೇಗ ಕಾಯಲಿ, ಬೇಗ ಕಾಯಲಿ ಎಂದು ಬಯಸಿದವಳು ನಾನು. ಅವತ್ತು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಸುಡಬೇಡ, ಸುಡಬೇಡವೇ ನನ್ನವ್ವ ಎಂದು ಬೇಡಿಕೊಂಡೆ. ಹಿಂದೆ ಕೂಸಿನ ಸಣ್ಣ ನರಳಿಕೆ ಕೇಳುತ್ತಿತ್ತು. ಒಂದನ್ನು ಬೇಡಿದರೆ ಇನ್ನೊಂದು ಹೋಗುತ್ತದೆ ಎಂದು ಗೊತ್ತಿದ್ದೂ ಬೇಡಿಕೊಂಡೆ. ಕಣ್ಣು ಮುಚ್ಚಿ ಬಲಗೈಯನ್ನು ಮೊಣಕೈಯವರೆಗೆ ಉರಿಯೊಳಗೆ ಇಟ್ಟೆ.

ಏನೂ ಆಗಲಿಲ್ಲ. ಬಳೆಗಳ ನಡುವೆ ಉರಿ ಆಡಿತು, ತಣ್ಣಗೆ, ಬೆಳಗಿನ ಗಾಳಿಯ ಹಾಗೆ.

"ಸುಳ್ಳ ಬೆಂಕಿ," ಅಂದೆ. "ಸುಳ್ಳ ಬೆಂಕಿ ಐತಿ! ಅದಾರ! ಮಾವಾರು ಊರಾಗ ಅದಾರ!"

ಗೌರವ್ವ ನನ್ನನ್ನು ಸರಿಸಿ ತಾನೂ ಕೈಯಿಟ್ಟು ನೋಡಿದಳು. ಅವಳ ಮುಖ ಒಂದು ಸಲ ಕುಸಿಯಿತು. ಕುಸಿಯದೆ ಏನು, ತಾಯಿ ಅವಳು. ಕುಪ್ಪಸ ಬಿಚ್ಚಿ ಕೂಸನ್ನು ಬರಿಮೈಗೆ ಒತ್ತಿಕೊಂಡು, ಅಲ್ಲಿ ನಿಂತವರ ಹೊದಿಕೆ, ಟವೆಲ್ಲು ಎಲ್ಲವನ್ನೂ ಕಸಿದು ಮೇಲೆ ಹೊದ್ದುಕೊಂಡಳು. "ನಾ ಎದಿಗೆ ಹಚ್ಚಿಕೊಂಡು ಕುಂದರತೀನಿ. ಲಗೂನ ಹುಡುಕ್ರಿ ಅಜ್ಜನ್ನ. ನಿಂತು ಏನ್ ನೋಡತೀರಿ?" ಎಂದು ಗದರಿದಳು.

ವಿಶಾಲಿ ಅಷ್ಟರಲ್ಲೇ ಒಳಗೆ ಓಡಿದ್ದಳು. "ಮತ್ತ ಹಾಕತೀನಿ ವೈನಿ, ಮತ್ತ ಕರೀತೀನಿ, ಇನ್ನೂ ಜೋರ ಮಾಡತೀನಿ," ಎನ್ನುತ್ತಿದ್ದಳು. ನಾನು ಅವಳ ಹಿಂದೆಯೇ ಹೋಗಿ ಮಣಿಕಟ್ಟು ಹಿಡಿದುಕೊಂಡೆ. ಯಾಕೆ ಹಿಡಿದೆ ಎಂದು ಆ ಕ್ಷಣಕ್ಕೆ ನನಗೂ ತಿಳಿಯಲಿಲ್ಲ. ಬೆಳಗಿನಿಂದ ಆ ಸದ್ದಿನಲ್ಲಿ ಕುದಿದ ಕಿವಿಗೆ ಈಗ ಗುಬ್ಬಿಯ ಚಿಲಿಪಿಲಿ ಕೇಳುತ್ತಿತ್ತು, ನಲ್ಲಿಯ ಹನಿ ಕೇಳುತ್ತಿತ್ತು. ಇನ್ನೂ ಏನೋ ಕೇಳುತ್ತಿತ್ತು.

"ಬ್ಯಾಡ," ಅಂದೆ. "ಎಲ್ಲಾರೂ ಸುಮ್ಮನಿರ್ರಿ. ಆ ಒಲಿ ಆರಸ್ರಿ."

ದಾವಲಸಾಬ ಒಲೆ ಆರಿಸಿದ. ಚನಬಸಪ್ಪನವರು ಕೋಲು ಎತ್ತಿ ಹೊರಗಿನವರನ್ನು ಸುಮ್ಮನಾಗಿಸಿದರು. ಖಾನಾವಳಿ ಸುಮ್ಮನಾಯಿತು, ಆಮೇಲೆ ಓಣಿ, ಆಮೇಲೆ ಆಚೆ ಓಣಿ. ಟಾಕಿಯ ದಿಬ್ಬದ ಕಡೆಯಿಂದ ಬರುತ್ತಿತ್ತು ಅದು. ಮೊದಲು ಕಪ್ಪೆಯ ದನಿ ಎಂದುಕೊಂಡೆ, ಆಮೇಲೆ ಮರಕ್ಕೆ ಮರ ಉಜ್ಜುವ ಸದ್ದು ಎಂದುಕೊಂಡೆ. ಒಡೆದ, ಸವೆದ, ದನಿಯೇ ಉಳಿಯದ ಒಂದು ದನಿ. ಒಂದು ಸಲ ಬಂದು, ಸ್ವಲ್ಪ ತಡೆದು, ಮತ್ತೆ ಬರುತ್ತಿತ್ತು. ಬೆಳಗಿನಿಂದ ಸ್ಪೀಕರ್ ಎಷ್ಟು ತಡೆಯುತ್ತಿತ್ತೋ ಅಷ್ಟೇ ತಡೆದು.

"ಅದೀನಿ."

"ಅದೀನಿ."

ನಾವು ಓಡಿದೆವು. ದಿಬ್ಬದ ಮೇಲೆ, ಸ್ಪೀಕರಿನ ನೇರ ಕೆಳಗೆ, ಹಿಂದಿನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ಒಂದು ಹಾಳು ಹಗೇವು ಇದೆ, ನೆಲದೊಳಗಿನ ಗುಡಾಣದಂಥ ಕುಣಿ. ಅದರ ಬಾಯಿಗೆ ಮುಚ್ಚಿದ್ದ ಹಲಗೆ ಮುರಿದಿತ್ತು. ಒಳಗೆ ಕತ್ತಲಲ್ಲಿ, ಒಂದು ಕಾಲು ವಾರೆಯಾಗಿ ಮಡಿಚಿಕೊಂಡು, ತೊಡೆಯ ಮೇಲೆ ರುಮಾಲು ಇಟ್ಟುಕೊಂಡು ಮಾವ ಕೂತಿದ್ದರು. ಮುಖ ಮೇಲೆ ಎತ್ತಿ, ಕಣ್ಣು ಮುಚ್ಚಿ, ಇನ್ನೂ ಅನ್ನುತ್ತಲೇ ಇದ್ದರು. ನಾವು ಬಂದದ್ದೂ ಅವರಿಗೆ ಗೊತ್ತಾಗಿರಲಿಲ್ಲ. ಆ ಸದ್ದಿನ ಬುಡದಲ್ಲಿ ಕೂತು ಅವರ ಕಿವಿ ಮಂದವಾಗಿತ್ತು.

ವಿಶಾಲಿ ಹಗೇವಿನ ಬಾಯಿಗೆ ಬೋರಲು ಮಲಗಿ "ಅಪ್ಪಾ" ಎಂದು ಚೀರಿದಳು. ಅವರು ಕಣ್ಣು ತೆರೆದರು. ಮಗಳನ್ನು ನೋಡಿದರು. ನೋಡಿದ ಕೂಡಲೇ ಆ ಮುಖದ ತುಂಬ ಸಿಟ್ಟು, ಸಣ್ಣ ಹುಡುಗರಿಗೆ ಅಳು ಬರುವ ಮುಂಚೆ ಬರುವಂಥ ಸಿಟ್ಟು.

"ಆ ಡಬ್ಬಿ ಮುಂದ ಎದುರಾ ಎದುರು ನಿಂತು ಅನ್ನೂಣಂತ ಬಂದೆ. ಬಿದ್ದೆ," ಅಂದರು. ಉಸಿರಷ್ಟೇ ಇತ್ತು, ದನಿ ಇರಲಿಲ್ಲ. "ಎಷ್ಟ ಸಲ ಹೇಳಬೇಕ ಮಗಳ, ಅದೀನಿ ಅಂತ?"

"ಕೇಳಿಸ್ತಪಾ," ಅಂದಳು ವಿಶಾಲಿ, ಕೈಯನ್ನು ಕೆಳಗೆ ಚಾಚಿ. "ಈಗ ಕೇಳಿಸ್ತು."

ಹಗ್ಗ ತರಲು ಜನ ಓಡಿದರು. ಆದರೆ ಕೂಸು ಹಗ್ಗಕ್ಕೆ ಕಾಯುವಂತಿರಲಿಲ್ಲ. ವಿಶಾಲಿ ಅಲ್ಲಿ ಮಣ್ಣಲ್ಲಿ ಮಲಗಿದಂತೆಯೇ ಫೋನಿನಲ್ಲಿ ಪುಟ ತೆರೆದು, ಒದ್ದೆ ಕಣ್ಣಿನಿಂದ ಅಕ್ಷರ ಕಾಣದೆ ಎರಡೆರಡು ಸಲ ಅಳಿಸಿ ಬರೆದು, ಹೆಸರು ಸೇರಿಸಿದಳು. ಅದು ಹೋಗಿ ತಂಗೆವ್ವನ ಹಿಂದೆ, ಎಲ್ಲರ ಹಿಂದೆ ಕೂತಿತು. ಮೇಲಿನ ಸ್ಪೀಕರನ್ನು ಬಂದ್ ಮಾಡಿದಳು. ಆಮೇಲೆ ಹಗೇವಿನೊಳಗೆ ಮುಖವಿಟ್ಟು, ಅಪ್ಪನಿಗೆ ಕೇಳುವಂತೆ, ಅಷ್ಟು ಜನರ ಮುಂದೆ, ಆ ಹೆಸರನ್ನು ಬಾಯಿಬಿಟ್ಟು ಕರೆದಳು. ಕರೆದು ಸುಮ್ಮನಾದಳು. ನಾವೆಲ್ಲ ಸುಮ್ಮನಿದ್ದೆವು. ಮಾವ ಒಂದು ಸಲ ಉಗುಳು ನುಂಗಿದರು, ಬಿದ್ದಲ್ಲಿಯೇ ರುಮಾಲನ್ನು ತಲೆಗೆ ಇಟ್ಟುಕೊಂಡರು. ನಾವು ಕಾಯುತ್ತಿದ್ದೇವೆಂದು ಅವರಿಗೆ ಗೊತ್ತಾಗಿತ್ತು, ಮುದುಕ ಅವಸರ ಮಾಡಲಿಲ್ಲ.

"ಅದೀನಿ," ಅಂದರು.

ನಾನು ಗುಂಡಿ ಒತ್ತಿದೆ. ಕೆಳಗೆ ಓಣಿಯಲ್ಲಿ ನನ್ನ ಖಾನಾವಳಿಯ ಕಡೆಯಿಂದ, ಒಲೆಯ ಮುಂದೆ ಕಡ್ಡಿ ಗೀರುತ್ತ ಕಾದಿದ್ದ ಗೌರವ್ವನ ದನಿ ದಿಬ್ಬದವರೆಗೂ ಕೇಳಿತು. "ಯವ್ವಾ, ಸುಟ್ತು! ಕೈ ಸುಟ್ತಽ ನನ್ನವ್ವಾ, ಸುಟ್ತು!" ಎಂದು ಆಕೆ ಕೂಗುತ್ತಿದ್ದಳು, ಕೂಗುತ್ತಲೇ ನಗುತ್ತಿದ್ದಳು.